ದೋಹಾದಲ್ಲಿ ಅರ್ಧ ಕುಂಕುಮ

ವಿಮಾನ ನಿಲ್ದಾಣ

ಪರದೇಶಕ್ಕೆ ಹೋಗುವವರು ಸೂಟ್‌ಕೇಸಿನ ತುಂಬ ಬಟ್ಟೆ ತುಂಬಿಕೊಂಡು ಹೋಗುತ್ತಾರಂತೆ. ನನ್ನ ಸೂಟ್‌ಕೇಸಿನಲ್ಲಿ ನಾಲ್ಕು ಸೀರೆ ಬಿಟ್ಟರೆ ಉಳಿದದ್ದೆಲ್ಲ ತಿನ್ನುವ ಸಾಮಾನು. ಜೋಳದ ಹಿಟ್ಟು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಮೀನಗಡದ ಕರದಂಟು. ಎಲ್ಲವೂ ನನ್ನ ತಮ್ಮ ಬಸವರಾಜನಿಗೆ. ಅವನು ದೋಹಾದಲ್ಲಿ ಕಟ್ಟಡ ಕಟ್ಟುವ ಕಂಪನಿಯೊಂದರಲ್ಲಿ ಇಂಜಿನಿಯರ್. ನಾನು ಗದಗಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದು ಆಗಷ್ಟೇ ನಿವೃತ್ತಳಾಗಿದ್ದೆ. "ಇನ್ನೇನ ಕೆಲಸ ಐತಿ ನಿನಗ, ಬಾ" ಎಂದು ಅವನು ಫೋನಿನಲ್ಲಿ ಗಂಟುಬಿದ್ದ ಮೇಲೆ ಹೊರಟುಬಿಟ್ಟೆ. ಅದು ಕತಾರಿನ ಬೇಸಿಗೆ. ಅಲ್ಲಿರುವ ಬುದ್ಧಿವಂತರೆಲ್ಲ ಆ ಕಾಲಕ್ಕೆ ಊರಿಗೆ ಓಡಿಬರುತ್ತಾರೆ ಎಂಬುದು ನನಗೆ ಆಮೇಲೆ ತಿಳಿಯಿತು.

ಕಸ್ಟಮ್ಸಿನ ಹುಡುಗ ಮೀಸೆ ಚೂಪಾಗಿ ಕತ್ತರಿಸಿಕೊಂಡಿದ್ದ. ಜೋಳದ ಹಿಟ್ಟಿನ ಚೀಲ ಬಿಚ್ಚಿ ಬೆರಳಾಡಿಸಿದ. ಶೇಂಗಾ ಚಟ್ನಿಯನ್ನು ದೂರದಿಂದ ನೋಡಿದ. ಗುರೆಳ್ಳಿನ ಕಪ್ಪು ಪುಡಿ ಕಂಡಾಗ ಮಾತ್ರ ಅವನ ಹುಬ್ಬು ಮೇಲೇರಿತು. ಮದ್ದೋ ಮಾಟವೋ ಎಂಬಂತೆ ನನ್ನನ್ನೊಮ್ಮೆ ಅದನ್ನೊಮ್ಮೆ ನೋಡಿ, ಡಬ್ಬಿಯನ್ನು ಮೂಗಿನ ಹತ್ತಿರ ತಂದು ಜೋರಾಗಿ ಎಳೆದುಕೊಂಡ. ಬೇಡ ಎನ್ನುವಷ್ಟರಲ್ಲಿ ಕಾಲ ಮಿಂಚಿತ್ತು. ಎಷ್ಟು ಸೀನಿದನೆಂದರೆ ಪಕ್ಕದ ಮೇಜಿನವನು ನೀರು ತಂದುಕೊಟ್ಟ. ಕಣ್ಣೊರೆಸಿಕೊಳ್ಳುತ್ತ ಅವನು "ಖಲಾಸ್, ಖಲಾಸ್! ಯಲ್ಲಾ!" ಎಂದು, ಸಾಕು ನಡೆ ಎನ್ನುವಂತೆ ಸೂಟ್‌ಕೇಸನ್ನು ನನ್ನ ಕಡೆ ತಳ್ಳಿದ.

ಆ ನೀರು ತಂದವನು ಮೊದಲು ಮಾಡುತ್ತಿದ್ದ ಕೆಲಸ ನೋಡಿ ನನಗೆ ಮೈಯುರಿದಿತ್ತು. ಯಾರೋ ತಂದಿದ್ದ ಸಿನಿಮಾ ಪತ್ರಿಕೆಯಲ್ಲಿ ನಟಿಯರ ತೋಳು, ಸೊಂಟಗಳಿಗೆ ಅವನು ದಪ್ಪ ಕಪ್ಪು ಪೆನ್ನಿನಿಂದ ಬಣ್ಣ ಬಳಿಯುತ್ತಿದ್ದ. ಅವರ ಕಾನೂನು ಅವರಿಗಿರಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಗೆರೆ ದಾಟಿ ಬಳಿಯುತ್ತಿದ್ದ! ನನ್ನ ಎಂಟನೆಯ ತರಗತಿಯ ಹುಡುಗಿಯಾಗಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಅಲ್ ಮುಂತಜಾ

ತಮ್ಮನ ಮನೆ ಅಲ್ ಮುಂತಜಾ ಬಡಾವಣೆಯ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿತ್ತು. ಕೆಳಗೆ ಕೇರಳದವನ ಕಿರಾಣಿ ಅಂಗಡಿ, ಎದುರಿಗೆ ದರ್ಜಿ ಅಂಗಡಿ. ಮಧ್ಯಾಹ್ನ ಇಡೀ ಊರು ಬಾಗಿಲು ಹಾಕಿಕೊಂಡು ಮಲಗುತ್ತದೆ, ಸಂಜೆ ಎದ್ದು ಮತ್ತೆ ವ್ಯಾಪಾರಕ್ಕೆ ಕೂರುತ್ತದೆ. ನಮ್ಮ ಗದಗಿನಲ್ಲೂ ಮಧ್ಯಾಹ್ನ ಅಂಗಡಿಯವರು ಮಲಗುತ್ತಾರೆ, ಆದರೆ ಬಾಗಿಲು ತೆರೆದಿಟ್ಟು ಗಲ್ಲಾ ಪೆಟ್ಟಿಗೆಯ ಮೇಲೆ ತಲೆಯಿಟ್ಟು ಮಲಗುತ್ತಾರೆ.

ಮೊದಲ ದಿನ ಸ್ನಾನಕ್ಕೆ ಹೋದವಳು ತಣ್ಣೀರಿನ ನಲ್ಲಿ ತಿರುಗಿಸಿ ಕಿರುಚಿದೆ. ಕುದಿಯುವ ನೀರು. ತಮ್ಮನ ಹೆಂಡತಿ ಗಿರಿಜಾ ಓಡಿಬಂದಳು. ಬಾಗಿಲಾಚೆಯಿಂದಲೇ ಪಾಠ ಹೇಳಿದಳು.

"ಅಕ್ಕಾರ, ತಣ್ಣೀರು ಬೇಕಂದ್ರ ಬಿಸಿನೀರಿನ ನಳಾ ಬಿಡ್ರಿ. ಬಿಸಿನೀರು ಬೇಕಂದ್ರ ತಣ್ಣೀರಿನ ನಳಾ."

ಗಚ್ಚಿನ ಮೇಲಿನ ನೀರಿನ ಟಾಕಿ ಬಿಸಿಲಿಗೆ ಕಾದು ಕುದಿಯುತ್ತದೆ. ಗೀಸರಿನ ಕರೆಂಟು ಬಂದ್ ಮಾಡಿಟ್ಟರೆ ಅದರೊಳಗೆ ನೆರಳಿನಲ್ಲಿ ನಿಂತ ನೀರೇ ತಂಪು. ಉಲ್ಟಾ ಪಲ್ಟಾ ಸಂಸಾರ. ಆದರೂ ಎರಡು ದಿನದಲ್ಲಿ ರೂಢಿಯಾಯಿತು.

ಮನೆಯ ಹಾಲಿನಲ್ಲಿ ಅಪ್ಪನ ಫೋಟೋ ಇತ್ತು. ರುಮಾಲು ಸುತ್ತಿ, ಕುರ್ಚಿಯ ಮೇಲೆ ಬಿಗಿದುಕೊಂಡು ಕೂತ ಅಪ್ಪ. ಪಕ್ಕದಲ್ಲಿ ಇನ್ನೊಂದು ಫೋಟೋ ಹಿಡಿಸುವಷ್ಟು ಜಾಗ ಖಾಲಿಯಾಗಿ ಬಿಟ್ಟಿದ್ದರು. ಅದು ಅವ್ವನದು. ಅವ್ವನ ಫೋಟೋ ಯಾರೂ ತೆಗೆದಿರಲಿಲ್ಲ. ತಮ್ಮ ಬಸು ತೊಟ್ಟಿಲ ಕೂಸಾಗಿದ್ದಾಗ, ನಾನು ಶಾಲೆಗೆ ಹೋಗುವ ಹುಡುಗಿಯಾಗಿದ್ದಾಗ ಆಕೆ ಹೋಗಿಬಿಟ್ಟಳು. ಹಿರಿಯರ ಪೂಜೆಯ ಅಮಾವಾಸ್ಯೆಗೆ ನಮ್ಮ ಮನೆಗಳಲ್ಲಿ ಅಪ್ಪನ ಫೋಟೋದ ಪಕ್ಕ ಅವ್ವನ ಹೆಸರಿನಲ್ಲಿ ಒಂದು ಸೀರೆ ಮಡಿಸಿ ಇಡುವುದು ರೂಢಿ.

ದುಖಾನ್ ದಾರಿ

ಗಿರಿಜಾಳ ಗೆಳತಿ ಲೀನಾ ಬಾಯಿ ಉಡುಪಿ ಕಡೆಯವರು. ದೋಹಾದ ಬಿನ್ ಮಹಮೂದಿನಲ್ಲಿ ಮನೆ, ಎಣ್ಣೆ ಕಂಪನಿಯ ಆಫೀಸಿನಲ್ಲಿ ಟೈಪಿಸ್ಟ್ ಕೆಲಸ. ನನ್ನನ್ನು ಕಂಡ ಗಳಿಗೆಯಿಂದ ಟೀಚರ್ ಎಂದೇ ಕರೆದರು. ಒಂದು ಗುರುವಾರ ಸಂಜೆ ಬಂದು ಸುದ್ದಿ ಮುಟ್ಟಿಸಿದರು.

"ನಮ್ಮ ಹಾಲೆಂಡಿನ ಸಾಯ್ಬರು ಖಾಯಂ ಊರಿಗೆ ಹೋಗುದುಂಟು. ದುಖಾನ್‌ನಲ್ಲಿ ನಾಳೆ ಮನೆಯ ಸಾಮಾನೆಲ್ಲ ಮಾರ್ತಾರೆ. ಒಳ್ಳೊಳ್ಳೆ ಐಟಂ ಉಂಟು. ಬರ್ತೀರಾ ಟೀಚರ್?"

ಊರು ಬಿಡುವವರು ಮನೆಯನ್ನೆಲ್ಲ ಅಂಗಳಕ್ಕೆ ತಂದು ಹರಡುವುದು, ಉಳಿಯುವವರು ಬಂದು ಆರಿಸಿಕೊಳ್ಳುವುದು ಅಲ್ಲಿಯ ಪದ್ಧತಿ. ನಮ್ಮಲ್ಲಾದರೆ ಮನೆಯ ಪಾತ್ರೆ ಹೊರಗೆ ಬಂದರೆ ದಿವಾಳಿ ಎಂದು ಊರೆಲ್ಲ ಮಾತಾಡಿಕೊಳ್ಳುತ್ತದೆ.

ಬಸುವಿನ ಕಾರಿನಲ್ಲಿ ನಾವು ನಾಲ್ವರೂ ದುಖಾನ್ ಎಂಬ ಆ ಎಣ್ಣೆಬಾವಿಗಳ ಊರಿಗೆ ಹೊರಟೆವು. ದೋಹಾ ಮುಗಿಯುತ್ತಲೇ ನೆಲವೂ ಆಕಾಶವೂ ಒಂದೇ ಬಣ್ಣ. ದಾರಿಯಲ್ಲಿ ತಗಡಿನ ಚಹಾದಂಗಡಿಯೊಂದರ ಮುಂದೆ ಬಸು ಕಾರು ನಿಲ್ಲಿಸಿ, ಇಳಿಯದೆ, ಹಾರ್ನ್ ಬಾರಿಸಿದ. ಒಳಗಿನಿಂದ ಒಬ್ಬ ಬಿಸಿಲಿನಲ್ಲಿ ಓಡಿಬಂದು ಕಿಟಕಿಗೇ ಚಹಾ ಕೊಟ್ಟ. ಅಲ್ಲಿ ಎಲ್ಲರೂ ಹಾಗೆಯೇ. ಗದಗಿನಲ್ಲಿ ಹೋಟೆಲಿನ ಮುಂದೆ ಹೀಗೆ ಹಾರ್ನ್ ಬಾರಿಸಿದರೆ ಮಾಲೀಕ ಚಹಾ ತರುವುದಿಲ್ಲ, ಜಗಳಕ್ಕೆ ಬರುತ್ತಾನೆ. ಚಹಾ ಮಾತ್ರ ಗಟ್ಟಿ ಹಾಲಿನದು, ಏಲಕ್ಕಿ ಹಾಕಿದ್ದು, ಜೀವಕ್ಕೆ ಹಿತವಾಯಿತು.

ಸಾಹೇಬರ ಅಂಗಳದಲ್ಲಿ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಮಂಚ, ಕುರ್ಚಿ ಎಲ್ಲ ಸಾಲಾಗಿದ್ದವು. ಬಸು ಡ್ರಿಲ್ ಮೆಷಿನ್ನಿನ ಹತ್ತಿರ ಹೋದ, ಗಿರಿಜಾ ಪರದೆಗಳ ಹತ್ತಿರ. ನಾನು ಬಿಸಿಲಿಗೆ ಹೆದರಿ ಗೋಡೆಯ ನೆರಳಿಗೆ ಸರಿದೆ. ಅಲ್ಲಿ, ಹಳೆಯ ಛತ್ರಿಗಳ ಹಿಂದೆ, ಗೋಡೆಗೆ ಒರಗಿ ಆಕೆ ಕೂತಿದ್ದಳು.

ಎರಡು ಅಂಗೈ ಜೋಡಿಸಿದಷ್ಟು ಅಗಲದ ಹಳೆಯ ಅಚ್ಚಿನ ಚಿತ್ರ. ತತ್ತಿಯಾಕಾರದ ಕಟ್ಟಿನೊಳಗೆ ಬಲಕ್ಕೆ ಮುಖ ಮಾಡಿದ ಹೆಂಗಸು. ಒಂದೇ ಕಣ್ಣು, ಒಂದೇ ಕಿವಿ, ಕಿವಿಯಲ್ಲಿ ಹನಿಯಂಥ ಮುತ್ತು, ಎತ್ತಿ ಕಟ್ಟಿದ ಕೂದಲಿನಲ್ಲೂ ಮುತ್ತು. ಸಣ್ಣದೊಂದು ಎರಡನೆಯ ಗದ್ದ. ಭುಜದ ಮೇಲೆ ಸೆರಗಿನ ಹಾಗೆ ಇಳಿದ ಬಟ್ಟೆ. ಯುರೋಪಿನ ಬರೋಕ್ ಎಂದು ನಾವು ಡಿಪ್ಲೊಮಾ ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಕಾಲದ್ದು ಅದು. ತಾಮ್ರದ ತಗಡಿನ ಮೇಲೆ ಉಳಿಯಿಂದ ಗೆರೆ ಕೊರೆದು, ಗೆರೆಯೊಳಗೆ ಶಾಯಿ ತುಂಬಿ, ಒದ್ದೆ ಕಾಗದವನ್ನು ಒತ್ತಿ ತೆಗೆಯುತ್ತಿದ್ದರು. ಇಂಥದನ್ನು ನಾನು ಪುಸ್ತಕದ ಮಸುಕು ಪುಟಗಳಲ್ಲಿ ಬಿಟ್ಟರೆ ಕಣ್ಣಾರೆ ಕಂಡಿರಲಿಲ್ಲ. ಕುಕ್ಕರಗಾಲಲ್ಲಿ ಕೂತು ಕನ್ನಡಕ ಏರಿಸಿ ನೋಡಿದೆ. ಕೆನ್ನೆಗೆ ಎಲ್ಲೂ ನೆರಳು ಬಳಿದಿಲ್ಲ. ಬರೀ ಗೆರೆಗಳು, ದಪ್ಪವಾಗುತ್ತ ಸಣ್ಣವಾಗುತ್ತ, ಬುಗುರಿಗೆ ಸುತ್ತಿದ ಹುರಿಯ ಹಾಗೆ ಕೆನ್ನೆಯನ್ನು ಸುತ್ತಿ ಹೋಗಿದ್ದವು. ನನಗೆ ಸಂತೋಷವೋ ಸಂತೋಷ, ಸುಳ್ಳೇಕೆ ಹೇಳಲಿ.

ಹಿಂದೆ ಬಂದ ಲೀನಾ ಬಾಯಿ ಚಿತ್ರ ನೋಡಿದ್ದೇ ಶಿಲುಬೆಯ ಗುರುತು ಮಾಡಿಕೊಂಡರು.

"ಯಾವ ಸಂತರು ಟೀಚರ್ ಇವರು?"

ಮನೆಯೊಡತಿ ನಕ್ಕಳು. ಸಂತಳಲ್ಲ, ಅಜ್ಜಿಯ ಮನೆಯ ಮೆಟ್ಟಿಲ ಗೋಡೆಯಲ್ಲಿ ಇದ್ದವಳು, ಯಾರೆಂದು ಅಜ್ಜಿಗೂ ಗೊತ್ತಿರಲಿಲ್ಲ ಎಂದಳು. ನಿಜ, ಕೆಳಗೆ ಹೆಸರಿದ್ದ ಅಂಚನ್ನು ಯಾರೋ ಯಾವ ಕಾಲದಲ್ಲೋ ಕತ್ತರಿಸಿಬಿಟ್ಟಿದ್ದರು. ಅಷ್ಟು ಹೊತ್ತು ಏನು ನೋಡುತ್ತಿದ್ದೀರಿ ಎಂದು ಆಕೆ ಕೇಳಿದಾಗ ನನ್ನ ಹರಕು ಇಂಗ್ಲಿಷಿಗೆ ಬೆರಳನ್ನೂ ಸೇರಿಸಿ, ಗಾಳಿಯಲ್ಲಿ ಕೆನ್ನೆಯ ಗೆರೆಗಳನ್ನು ಎಳೆದು ತೋರಿಸಿದೆ. ಆಕೆ ಚಿತ್ರವನ್ನು ಎತ್ತಿ ನನ್ನ ಮಡಿಲಿಗಿಟ್ಟಳು. ಮಾರಲು ತಂದದ್ದಲ್ಲವಂತೆ, ನೋಡುವವರು ಸಿಕ್ಕರೆ ಕೊಡಬೇಕೆಂದಿದ್ದಳಂತೆ. ನಾನು ದಾರಿಗೆಂದು ಚೀಲದಲ್ಲಿಟ್ಟಿದ್ದ ಕರದಂಟಿನ ಡಬ್ಬಿಯನ್ನು ಆಕೆಯ ಕೈಗಿಟ್ಟೆ.

"ಮಿಕ್ಸಿ ತಕೊಳ್ಳುದು ಬಿಟ್ಟು ಇದನ್ನು ಹಿಡ್ಕೊಂಡು ಎಂತ ಮಾಡ್ತೀರಿ ಮಾರಾಯ್ರೆ?" ಎಂದು ಲೀನಾ ಬಾಯಿ ದೋಹಾ ಮುಟ್ಟುವ ತನಕ ಕೇಳುತ್ತಲೇ ಇದ್ದರು.

ಗೋಡೆಯ ಮೇಲೆ

ಊರಿಗೆ ಒಯ್ಯುವ ತನಕ ಇರಲಿ ಎಂದು ಬಸು ಹೊಸ ಡ್ರಿಲ್ಲಿನಿಂದ ಮೊಳೆ ಹೊಡೆದು ಚಿತ್ರವನ್ನು ಅಪ್ಪನ ಪಕ್ಕದ ಖಾಲಿ ಜಾಗದಲ್ಲಿ ತೂಗುಹಾಕಿದ. ಬೇರೆ ಜಾಗವೂ ಇರಲಿಲ್ಲ. ಗಿರಿಜಾ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಅಕ್ಕಾರ, ಈಕಿ ಹಣಿ ಬರಿದ ಐತಲ್ರಿ. ಮನ್ಯಾಗ ಹಿಂಗ ಇಡಬಾರದು."

ನಾನು ಬೇಡವೆನ್ನುವ ಮೊದಲೇ ಕುಂಕುಮದ ಬಟ್ಟಲು ಬಂತು. ಗಾಜಿನ ಮೇಲೆ ದುಂಡಗೆ ಇಟ್ಟಳು. ಪಕ್ಕದಿಂದ ಕಾಣುವ ಮುಖದಲ್ಲಿ ಹಣೆಯ ನಟ್ಟನಡು ಎಂದರೆ ಅಂಚು. ಕುಂಕುಮದ ಅರ್ಧ ಹಣೆಯ ಮೇಲೆ, ಅರ್ಧ ಗಾಳಿಯಲ್ಲಿ. ಆ ಹೆಂಗಸಿನ ಮುಂದೆ ಕೆಂಪು ನೊಣವೊಂದು ಹಾರುತ್ತಿರುವ ಹಾಗಾಯಿತು. ನನ್ನ ಡ್ರಾಯಿಂಗ್ ಟೀಚರ್ ಜೀವ ತಡೆಯಲಿಲ್ಲ. ಸೆರಗಿನ ತುದಿಯಿಂದ ಹೊರಗಿನ ಅರ್ಧವನ್ನು ನೀಟಾಗಿ ಒರೆಸಿದೆ.

"ಅರ್ಧಾ ಕುಂಕುಮ ಯಾರರೆ ಹಚ್ತಾರೇನ್ರಿ? ಉಳಿದರ್ಧ ಎಲ್ಲಿ ಹೋತು?"

"ಕಂಡಷ್ಟ ಬರೀಬೇಕು ಗಿರಿಜಾ. ಕಾಣದ್ದನ್ನ ಬರೀಬಾರದು" ಎಂದೆ. ಜೀವನವಿಡೀ ಹುಡುಗಿಯರಿಗೆ ಹೇಳಿ ಹೇಳಿ ನಾಲಿಗೆಗೆ ಅಂಟಿದ ಪಾಠ ಅದು.

ಆಕೆಗೆ ಸಮಾಧಾನವಾಗಲಿಲ್ಲ. ಬಸವ ಜಯಂತಿಗೆ ತಂದಿದ್ದ ಪ್ಲಾಸ್ಟಿಕ್ ಮಲ್ಲಿಗೆಯ ಮಾಲೆ ಹುಡುಕಿ ತಂದು ಅದನ್ನೂ ಹಾಕಿದಳು.

ಮುಂದಿನ ಶುಕ್ರವಾರ ರೊಟ್ಟಿಯೂಟಕ್ಕೆ ಬಸುವಿನ ಕಂಪನಿಯ ಹಿರಿಯರು ಪಾಟೀಲರು ಬಂದರು. ಒಳಗೆ ಬಂದವರೇ ಗೋಡೆ ನೋಡಿದರು. ರುಮಾಲಿನ ಅಪ್ಪ, ಪಕ್ಕದಲ್ಲಿ ಮಾಲೆ ಹಾಕಿಕೊಂಡು ಕುಂಕುಮ ಇಟ್ಟುಕೊಂಡ ಹೆಂಗಸು. ನಮ್ಮವರಿಗೆ ಮತ್ತೇನು ಸಾಕ್ಷಿ ಬೇಕು? ಪಾಟೀಲರು ಟೊಪ್ಪಿಗೆ ತೆಗೆದು, ಕಣ್ಣು ಮುಚ್ಚಿ ಕೈಮುಗಿದರು.

"ಬಸವರಾಜ, ತಾಯಿಯವರ ಮಾರಿ ಮ್ಯಾಲೆ ಏನ್ ಕಳಾ ಐತಿ! ಆಗಿನ ಕಾಲದ ಹೆಣ್ಮಕ್ಕಳು ಅಂದ್ರ ಹಿಂಗ."

ಗಿರಿಜಾ ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ನಾನು ನಗು ತಡೆಯಲು ನೀರು ಕುಡಿಯಲು ಹೋಗಿ ನೆತ್ತಿಗೇರಿಸಿಕೊಂಡೆ. ಬಸು ಮಾತ್ರ ಗಂಭೀರವಾಗಿ "ಹೌದ್ರಿ" ಎಂದುಬಿಟ್ಟ. ಪಾಟೀಲರು ಊಟದ ತುಂಬ ಆಕೆಯ ಗುಣಗಾನ ಮಾಡಿದರು. ಅವರು ಹೋದ ಮೇಲೆ ನಾವು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮಾರನೆಯ ಬೆಳಿಗ್ಗೆ ನಾನು ಹಾಲಿಗೆ ಬಂದಾಗ ಬಸು ಕೆಲಸಕ್ಕೆ ಹೊರಟವನು ಬೂಟನ್ನು ಕೈಯಲ್ಲಿ ಹಿಡಿದು ಚಿತ್ರದ ಮುಂದೆ ನಿಂತಿದ್ದ.

"ಅಕ್ಕಾ, ಅವ್ವ ಹಿಂಗ ಇದ್ಲೇನು? ಸ್ವಲ್ಪರೆ?"

"ಹುಚ್ಚಾ, ಈಕಿ ಯಾವ ದೇಶದಾಕಿ, ಅವ್ವ ಯಾವ ದೇಶದಾಕಿ!"

"ಗೊತ್ತೈತಿ. ಆದ್ರ ಪಾಟೀಲರು ಕೈಮುಗಿದಾಗ ನಂಗ ಖರೇನ ಅನಸ್ತು, ಅವ್ವಗ ಮುಗದ್ರು ಅಂತ. ಎಷ್ಟು ವರ್ಷ ಸೀರಿಗೆ ಕೈಮುಗೀಲಿ? ಸೀರಿಗೆ ಮಾರಿ ಇರೂದಿಲ್ಲ. ಅವ್ವನ್ನ ನೋಡಿದವರು ಈಗ ನೀ ಒಬ್ಬಾಕಿನ ಉಳದೀದಿ. ನೀ ಹೂಂ ಅಂದ್ರ ಈಕಿನ್ನ ಅವ್ವ ಅಂತೀನಿ. ಇಲ್ಲಂದ್ರ ನೀನ ಬರದು ಕೊಡು."

ನಗಲು ಬರಲಿಲ್ಲ ನನಗೆ. ಹೂಂ ಅಂದರೆ ಮುಗಿಯುತ್ತಿತ್ತು. ಆದರೆ ನಾನು ಕಣ್ಣು ಮುಚ್ಚಿದ ಮೇಲೆ ನನ್ನ ಅವ್ವನ ಮುಖ ಭೂಮಿಯ ಮೇಲೆ ಎಲ್ಲೂ ಇರುವುದಿಲ್ಲ, ಅವಳ ಜಾಗದಲ್ಲಿ ಹೆಸರಿಲ್ಲದ ಪರದೇಶದವಳೊಬ್ಬಳು ಮಾಲೆ ಹಾಕಿಸಿಕೊಂಡು ಕೂತಿರುತ್ತಾಳೆ ಎಂಬುದು ಹೊಳೆಯಿತು.

"ಬರದು ಕೊಡ್ತೀನಿ" ಎಂದೆ.

ಬಿನ್ ಮಹಮೂದ್

ಹೇಳಿದ್ದು ಸುಲಭ. ಕಾಗದ ಪೆನ್ಸಿಲ್ ತರಿಸಿಕೊಂಡು, ಪಾಠದ ಹಾಗೆ ತತ್ತಿಯಾಕಾರ ಎಳೆದು, ನಡುವೆ ಅಡ್ಡಗೆರೆ ಉದ್ದಗೆರೆ ಹಾಕಿ, ಎರಡು ಕಣ್ಣು, ಮೂಗು, ಬಾಯಿ ಬರೆದೆ. ಬಂದದ್ದು ಯಾವುದೋ ಸೋಪಿನ ಜಾಹೀರಾತಿನ ಹೆಂಗಸು. ಇನ್ನೊಂದು ಬರೆದೆ, ನಮ್ಮ ಹೆಡ್‌ಮಿಸ್ ಬಂದರು. ಪೆನ್ಸಿಲ್ ಸರಿಯಿಲ್ಲ ಎಂದೆ. ಎಸಿ ಗಾಳಿಗೆ ಕಾಗದ ಹಾರುತ್ತದೆ ಎಂದೆ. ಕುಣಿಯಲಾರದವಳಿಗೆ ನೆಲ ಡೊಂಕು. ಊರಿಗೆ ಹೊರಡುವ ದಿನ ಹತ್ತಿರ ಬರುತ್ತಿತ್ತು. ಬಸು ಏನೂ ಕೇಳುತ್ತಿರಲಿಲ್ಲ, ಸಂಜೆ ಬಂದು ಕಸದ ಬುಟ್ಟಿ ನೋಡಿ ಕೈಕಾಲು ತೊಳೆಯಲು ಹೋಗುತ್ತಿದ್ದ. ಅದು ಇನ್ನೂ ಕಷ್ಟವಾಯಿತು.

ತಲೆ ಹಗುರಾಗಲಿ ಎಂದು ಗಿರಿಜಾ ನನ್ನನ್ನು ಲೀನಾ ಬಾಯಿಯ ಮನೆಗೆ ಕರೆದುಕೊಂಡು ಹೋದಳು. ಬಿನ್ ಮಹಮೂದಿನ ಆ ಮನೆಯಲ್ಲಿ ಕೇಕ್ ಬೇಯುವ ವಾಸನೆ ತುಂಬಿತ್ತು. ಲೀನಾ ಬಾಯಿ ಅಡುಗೆಮನೆಯಲ್ಲಿ ನಿಂತೇ ಮಾತಾಡಿದರು. ನಾನು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ. ಅವರು ಓವನ್ನಿಗೆ ಬಗ್ಗಿದಾಗ ಅದರೊಳಗಿನ ದೀಪದ ಬೆಳಕು ಅವರ ಹಣೆ, ಮೂಗು, ತುಟಿಯ ಅಂಚಿಗೆ ಬಿತ್ತು. ಕೈ ತನ್ನ ಕೆಲಸ ಮಾಡುತ್ತಿತ್ತು, ಬಾಯಿ ನನ್ನೊಡನೆ ಮಾತಾಡುತ್ತಿತ್ತು, ಕಣ್ಣು ನನ್ನ ಕಡೆ ತಿರುಗಲೇ ಇಲ್ಲ.

ನಾನು ಸ್ಟೂಲಿನಿಂದ ಎದ್ದುಬಿಟ್ಟೆ.

ಅವ್ವ ಎಂದರೆ ನನಗೆ ರೊಟ್ಟಿ ಬಡಿಯುವ ಸದ್ದು. ಒಲೆಯ ಮುಂದೆ ಅವ್ವ, ಅವಳ ಎಡಕ್ಕೆ ಮಣೆಯ ಮೇಲೆ ನಾನು, ಬಲಕ್ಕೆ ತೊಲೆಗೆ ಕಟ್ಟಿದ ಬಸುವಿನ ತೊಟ್ಟಿಲು. ತೊಟ್ಟಿಲ ಹಗ್ಗ ಅವಳ ಕಾಲಿನ ಹೆಬ್ಬೆರಳಿಗೆ. ಕೈ ರೊಟ್ಟಿ ಬಡಿಯುತ್ತಿತ್ತು, ಕಾಲು ತೊಟ್ಟಿಲು ತೂಗುತ್ತಿತ್ತು, ಬಾಯಿ ನನಗೆ ಮಗ್ಗಿ ಹೇಳಿಸುತ್ತಿತ್ತು. ಒಲೆಯ ಬೆಂಕಿ ಹಣೆಯ ಅಂಚಿಗೆ. ನನ್ನ ಕಡೆ ಪೂರ್ತಿ ತಿರುಗಲು ಅವ್ವನಿಗೆ ಪುರುಸೊತ್ತು ಎಲ್ಲಿತ್ತು? ನನಗೆ ಗೊತ್ತಿರುವುದು ಅವಳ ಒಂದೇ ಮಗ್ಗುಲು. ಇಷ್ಟು ದಿನ ಎರಡು ಕಣ್ಣು ಬರೆಯಲು ಹೋಗಿ ಸೋತಿದ್ದೆ. ಕಾಣದ್ದನ್ನು ಬರೆಯಬೇಡಿ ಎಂದು ಊರಿಗೆಲ್ಲ ಹೇಳಿದವಳು ನಾನೇ.

"ಲೀನಾ ಬಾಯಿ, ಕೇಕಿನ ಕೆಳಗ ಹಾಕೋ ಆ ತೆಳು ಕಾಗದ ನಂಗೊಂದೀಟು ಕೊಡ್ರಿ."

"ಎಂತ ಟೀಚರ್, ಕೇಕ್ ಮಾಡ್ತೀರಾ?"

"ಇಲ್ರಿ, ನಮ್ಮವ್ವನ್ನ ಮಾಡ್ತೀನಿ."

ಅವರು ಗಿರಿಜಾಳ ಮುಖ ನೋಡಿದರು. ಬಿಸಿಲಿಗೆ ಹೀಗಾಗಿದೆ ಎಂದುಕೊಂಡಿರಬೇಕು. ಕಾಗದವನ್ನು ಮಾತ್ರ ಸುರುಳಿಗಟ್ಟಲೆ ಕೊಟ್ಟರು.

ಹೊರಡುವ ದಿನ

ಅಡಿಯದು ಕಾಣುವ ಆ ತೆಳು ಕಾಗದವನ್ನು ದುಖಾನಿನ ಚಿತ್ರದ ಮೇಲಿಟ್ಟು ತಲೆಯ ಗುಂಡು, ಕತ್ತಿನ ಬಾಗು, ಭುಜದ ಇಳಿಜಾರು, ಇಷ್ಟನ್ನೇ ತೆಗೆದುಕೊಂಡೆ. ಆ ಹೆಂಗಸು ಬಲಕ್ಕೆ ನೋಡುತ್ತಾಳೆ. ಎಡಗಡೆಯಿಂದ ನಾನು ಕಂಡ ಅವ್ವ ಎಡಕ್ಕೆ ನೋಡುತ್ತಿದ್ದಳು. ಕಾಗದವನ್ನು ಮಗುಚಿ ಹಾಕಿದೆ. ಅಷ್ಟೇ ಸಾಕಾಯಿತು. ಪರದೇಶದವಳು ಎದ್ದು ಹೋದಳು, ಜಾಗ ಖಾಲಿಯಾಯಿತು. ಮೂಗನ್ನು ಮೊಂಡು ಮಾಡಿದೆ. ಮುತ್ತು ತೆಗೆದು ಕಿವಿಗೆ ಬುಗುಡಿ ಇಟ್ಟೆ. ಎರಡನೆಯ ಗದ್ದ ಅಳಿಸಿದೆ, ಅವ್ವನಿಗೆ ಅಷ್ಟು ಊಟ ಎಲ್ಲಿತ್ತು. ಕೂದಲನ್ನು ಇಳಿಸಿ ತುರುಬು ಕಟ್ಟಿದೆ. ಕೆನ್ನೆಗೆ ಮಾತ್ರ ಆ ತಾಮ್ರದ ಕೆಲಸಗಾರನ ಹಾಗೆ ಗೆರೆ ಸುತ್ತಿದೆ. ಮಗ್ಗಿ ಹೇಳಿಸುವ ಬಾಯಿ ಸ್ವಲ್ಪ ತೆರೆದಿತ್ತು. ಪೆನ್ಸಿಲ್ ಕೆಳಗಿಟ್ಟಾಗ ಅವ್ವ ನನ್ನ ಪಕ್ಕ ಕೂತಿದ್ದಳು. ನಾನು ಅತ್ತೆ, ಚೆನ್ನಾಗಿ ಅತ್ತೆ. ಆಮೇಲೆ ಹಸಿವಾಯಿತು.

ಬಸುವಿಗೆ ಚಿತ್ರ ತೋರಿಸುವಾಗ ಒಲೆ, ಈ ಕಡೆಯ ನನ್ನ ಮಣೆ, ಆ ಕಡೆಯ ಅವನ ತೊಟ್ಟಿಲು ಎಲ್ಲವನ್ನೂ ಹೇಳಿದೆ. ಊರಿಗೆ ಹೊರಡುವ ದಿನ ಬೆಳಿಗ್ಗೆ ಅವನು ಅದಕ್ಕೆ ಕಟ್ಟು ಹಾಕಿಸಿ ತಂದ. ಕಟ್ಟಿನ ಅಂಗಡಿಯವನು ಇವರು ಯಾರೆಂದು ಕೇಳಿದನಂತೆ. ಇವನು ತಾಯಿ ಎಂದನಂತೆ. ಈ ಸಲ ಸುಳ್ಳಾಗಿರಲಿಲ್ಲ.

ದುಖಾನಿನವಳನ್ನು ಇಳಿಸಿ ನನ್ನ ಸೂಟ್‌ಕೇಸಿಗೆ ಹಾಕಲು ಹೋದರೆ ಗಿರಿಜಾ ಅಡ್ಡ ನಿಂತಳು.

"ಆಕಿನೂ ಇಲ್ಲೇ ಇರ್ಲಿ ಬಿಡ್ರಿ ಅಕ್ಕಾರ. ಪಾಟೀಲರು ಬಂದು ಕೇಳಿದ್ರ ಅತ್ತಿಯ ಗೆಳತಿ ಅಂತೀನಿ."

ಅಪ್ಪನ ಫೋಟೋವನ್ನು ತುಸು ಸರಿಸಿ ಎರಡನ್ನೂ ಒಂದರ ಪಕ್ಕ ಒಂದು ತೂಗುಹಾಕಿದೆವು. ಆಕೆಯ ಮುಖ ಬಲಕ್ಕೆ, ಅವ್ವನ ಮುಖ ಎಡಕ್ಕೆ, ಎದುರುಬದುರು. ಇಬ್ಬರೂ ಕಟ್ಟೆಯ ಮೇಲೆ ಕೂತು ಮಾತಿಗಿಳಿದ ನೆರೆಹೊರೆಯವರ ಹಾಗೆ ಕಂಡರು. ಅಪ್ಪ ಎಂದಿನಂತೆ ಬಿಗಿದುಕೊಂಡು ಆ ಕಡೆ ಕೂತಿದ್ದ. ದುಖಾನಿನವಳನ್ನು ಒಯ್ದು ಗದಗಿನಲ್ಲಿ ಒಂಟಿಯಾಗಿ ಮೊಳೆಗೆ ಹಾಕಲು ಮನಸ್ಸಾಗಲಿಲ್ಲ. ಬಿಟ್ಟುಬಂದೆ.

ಗಿರಿಜಾ ಕುಂಕುಮದ ಬಟ್ಟಲು ತಂದಳು. ಬಸು ಅವಳ ಕೈಯಿಂದ ಇಸಿದುಕೊಂಡು ತಾನೇ ಮುಂದೆ ಹೋದ. ಬೆರಳಿನಿಂದ ಅವ್ವನ ಹಣೆಯ ಅಂಚಿಗೆ ಒತ್ತಿ, ಹೊರಗೆ ದಾಟಿದ್ದನ್ನು ನನ್ನಂತೆಯೇ ನೀಟಾಗಿ ಒರೆಸಿದ. ಗಿರಿಜಾ ಹಿಂದಿನಿಂದ ಕೇಳಿದಳು.

"ಅತ್ತಿಗೂ ಅರ್ಧಾನ ಏನ್ರಿ?"

ನಾನು ನನ್ನ ಪಾಠ ಒಪ್ಪಿಸಲು ಬಾಯಿ ತೆರೆಯುವಷ್ಟರಲ್ಲಿ ಬಸು, ಚಿತ್ರದ ಮೇಲಿನ ಕಣ್ಣು ತೆಗೆಯದೆ, ಹೇಳಿದ.

"ಉಳಿದರ್ಧ ನಾ ನೋಡೇನಿ. ಆ ಕಡೆ ನನ್ನ ತೊಟ್ಟಲ ಇತ್ತು."